ಹೆಳವರ ಪುಸ್ತಕದಲ್ಲಿ ನಮ್ಮ ಮನೆತನ

(ನಮ್ಮ ಬಳಗದ ರಾಜ್ಯೋತ್ಸವ ಸಮಾರಂಭದಲ್ಲಿ ಆಡಿದ ಮಾತು)

ನಾನು ಭಾಷಣಕಾರ ಅಲ್ಲ. ಹನ್ನೆರಡು ವರ್ಷದಿಂದ ಇಲ್ಲಿ ಕುವೈತಿನಲ್ಲಿ ಎ.ಸಿ. ರಿಪೇರಿ ಮಾಡೋನು. ತಪ್ಪಾದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ವರ್ಷ ಊರಿಂದ ಮಗಳು ಫೋನ್ ಮಾಡಿ, "ಅಪ್ಪಾ, ಸಾಲ್ಯಾಗ ವಂಶವೃಕ್ಷ ಬರಕೊಂಡು ಬಾ ಅಂದಾರ. ನಿನ್ನ ಮುತ್ತಜ್ಜನ ಹೆಸರೇನು?" ಅಂದಳು. ನನ್ನ ಬಾಯಿ ಕಟ್ಟಿತು. ಇಲ್ಲಿ ಅರ್ಜಿ ಅರ್ಜಿಗೂ ಅಪ್ಪನ ಹೆಸರು, ಅಜ್ಜನ ಹೆಸರು ತುಂಬಿದ್ದೇನೆ. ಅದರಾಚೆ ಗೊತ್ತೇ ಇರಲಿಲ್ಲ.

ಸುಗ್ಗಿಗೆ ರಜೆ ಹಾಕಿ ಹೋದೆ. ನಮ್ಮದು ಬೆಳಗಾವಿ ಜಿಲ್ಲೆ, ಮಲಪ್ರಭೆ ದಂಡೆಯ ಊರು. ಪಹಣಿಯಲ್ಲಿ ಅಪ್ಪನ ಹೆಸರಿತ್ತು. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಹಳೆಯ ವಾರಸಾ ದಾಖಲೆ ತೆಗೆಸಿದೆ. ಅಜ್ಜ, ಮುತ್ತಜ್ಜ ಸಿಕ್ಕರು. ಹೊಲ ಕೊಂಡವನೇ ಮುತ್ತಜ್ಜ. ಅವನ ಹಿಂದಿನವರು ಹೊಲದ ಕಾಗದದಲ್ಲಿ ಎಲ್ಲಿಂದ ಬರಬೇಕು?

ಅವ್ವ, "ತಡಿ, ಹೆಳವರು ಬರ್ತಾರ" ಅಂದಳು. ಉತ್ತರ ಕರ್ನಾಟಕದವರಿಗೆ ಗೊತ್ತು, ಹೆಳವರು ಅಂದರೆ ವಂಶಾವಳಿ ಹೇಳುವವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು. ಒಬ್ಬೊಬ್ಬರಿಗೆ ಇಂತಿಂಥ ಊರು, ಇಂತಿಂಥ ಮನೆತನ ಅಂತ ಹಂಚಿಕೆ ಇರುತ್ತದೆ. ಹೆಸರು ಹೇಳಿ ಕಾಳುಕಡಿ ಪಡೆದು ಹೋಗುತ್ತಾರೆ.

ನಮ್ಮ ಮನೆಗೆ ಬಂದ ಅಜ್ಜ ಬಸ್ಸಿನಲ್ಲೇ ಬಂದಿದ್ದರು. ಗಂಟುಬಿಚ್ಚಿ ಪುಸ್ತಕ ತೆಗೆದು ಅಪ್ಪನಿಂದ ಹಿಂದಕ್ಕೆ ಒಂದೇ ಉಸಿರಿಗೆ ಹೇಳುತ್ತ ಹೋದರು. ಮುತ್ತಜ್ಜನ ಅಪ್ಪನ ಹತ್ತಿರ ನಿಂತು, "ನಿಮ್ಮ ಮಂದಿ ಈ ಊರಾವ್ರಲ್ರಿ ಯಜಮಾನ್ರ. ಬರದಾಗ ಹುನಗುಂದ ಕಡೆಯಿಂದ ಬಂದಾವ್ರು. ಈ ಹಿರ್ಯಾ ಆಗ ಸಣ್ಣ ಹುಡುಗ, ಅವ್ವನ ಕೈ ಹಿಡಕೊಂಡು ಬಂದಾನ" ಅಂದರು.

ಈಗಿನ ವಿಜಯಪುರ, ಬಾಗಲಕೋಟೆ ಸೀಮೆಗೆ ಆಗ ಕಲಾದಗಿ ಜಿಲ್ಲೆ ಅಂತಿದ್ದರು. 1876ರಲ್ಲಿ ಮಳೆ ಕೈಕೊಟ್ಟು 1878ರವರೆಗೆ ಕಾಡಿದ ಬರ ಅಲ್ಲಿ ಊರೂರನ್ನೇ ಬರಿದು ಮಾಡಿತು. ಅಪ್ಪ ಈ ಮಾತು ಕೇಳಿ ತಲೆ ತಗ್ಗಿಸಿದ. ಅವನಿಗೆ ಮೊದಲೇ ಗೊತ್ತಿತ್ತು. ಬೇಡಿಕೊಂಡು ಬಂದವರು ಅಂದಾರು ಅಂತ ನಮಗೆ ಹೇಳಿರಲಿಲ್ಲ. ನಾನೂ ಇಲ್ಲಿ ಒಂದು ರೂಮಿನಲ್ಲಿ ಎಂಟು ಮಂದಿ ಇದ್ದದ್ದನ್ನು ಅಪ್ಪನಿಗೆ ಹೇಳಿರಲಿಲ್ಲ. ಅವತ್ತು ರಾತ್ರಿ ಇಬ್ಬರೂ ಹೇಳಿಕೊಂಡೆವು.

"ಆ ಅವ್ವನ ಹೆಸರೇನ್ರಿ ಅಜ್ಜಾರ?" ಅಂತ ಕೇಳಿದ್ದೆ. ಪುಸ್ತಕದಲ್ಲಿ ಇರಲಿಲ್ಲ. ಗಂಡಸರದ್ದಷ್ಟೇ ಬರೆಯೋ ರೂಢಿ. ಬರದಲ್ಲಿ ಮಗನನ್ನು ಬದುಕಿಸಿ ತಂದವಳು ಆಕೆ; ಆಕೆ ನಡೆಯದಿದ್ದರೆ ಇವತ್ತು ಈ ಮೈಕಿನ ಮುಂದೆ ನಾನಿಲ್ಲ. ಹೆಸರು ಮಾತ್ರ ಎಲ್ಲೂ ಇಲ್ಲ.

ನನ್ನ ಸರದಿ ಬಂದಾಗ, "ಗಂಡು ಮಕ್ಕಳು?" ಅಂದರು. "ಇಲ್ಲ, ಮಗಳ ಹೆಸರು ಬರೀರಿ, ಆಕಿ ಅವ್ವನ ಹೆಸರೂ ಬರೀರಿ" ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಬರೆದರು. ಒಂದು ಚೀಲ ಜೋಳ ಕೊಟ್ಟು ಕಳಿಸಿದೆವು.

ಗೆಳೆಯರೇ, ಮುಂದಿನ ರಜೆಯಲ್ಲಿ ಮನೆಯ ಹಿರಿಯರ ಮುಂದೆ ಒಂದು ತಾಸು ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಜ್ಜಿಯರ ಹೆಸರು, ಅವರ ತವರೂರು ಮೊದಲು ಕೇಳಿ. ಅವು ಯಾವ ಕಚೇರಿಯಲ್ಲೂ ಸಿಗೋದಿಲ್ಲ.