ಗಾಡಿಯ ಹಳದಿ ದೀಪ ಮತ್ತೆ ಮತ್ತೆ ಹತ್ತಿದರೆ

ಬೆಳಗಿನ ಜಾವ ಟೊಮೆಟೊ ಹೇರಿಕೊಂಡು ಮಂಡಿಗೆ ಹೊರಟಿದ್ದೀರಿ. ಗಾಡಿ ಹತ್ತು ವರ್ಷದ ಹಳೆಯ ಡೀಸೆಲ್ ಪಿಕಪ್ಪು. ಮೀಟರಿನ ಬಳಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಹೋದ ತಿಂಗಳೂ ಹತ್ತಿತ್ತು. ಮೆಕ್ಯಾನಿಕ್ ಆರಿಸಿ ಕೊಟ್ಟಿದ್ದ. "ಅಯ್ಯೋ, ಇದರದ್ದು ಇದ್ದದ್ದೇ, ಹೋಗ್ಲಿ ಬಿಡು" ಎನ್ನುತ್ತೀರಿ. ಹಾಗೆ ಬಿಡಬಾರದು. ನಡುದಾರಿಯಲ್ಲಿ ಗಾಡಿ ನಿಂತರೆ ಹಣ್ಣು ಕಾಯುವುದಿಲ್ಲ, ಹರಾಜೂ ಕಾಯುವುದಿಲ್ಲ.

ಪೈರಿನ ಎಲೆ ಹಳದಿಯಾದರೆ ಅದಕ್ಕೆ ಹಸಿರು ಬಣ್ಣ ಬಳಿಯುತ್ತೇವೆಯೇ? ಬುಡ ನೋಡುತ್ತೇವೆ. ಈ ದೀಪವೂ ಅಂತಹುದೇ. ಎಂಜಿನ್ನಿನ ಗಣಕಯಂತ್ರ ಎಲ್ಲಿಯೋ ತಪ್ಪು ಕಂಡು, ಅದಕ್ಕೊಂದು ಕೋಡ್ ಬರೆದಿಟ್ಟು ದೀಪ ಹಚ್ಚುತ್ತದೆ. ಬ್ಯಾಟರಿ ತಂತಿ ಕಳಚಿದರೆ ದೀಪ ಆರೀತು, ರೋಗ ಹೋಗದು. ನಾಲ್ಕು ದಿನದಲ್ಲಿ ಮತ್ತೆ ಹತ್ತುತ್ತದೆ.

ಆದ್ದರಿಂದ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ, ಅಳಿಸುವ ಮೊದಲೇ ಕೋಡನ್ನು ಬರೆದುಕೊಳ್ಳಿ. ತಾರೀಖು, ಓಡಿದ ಕಿಲೋಮೀಟರು, ಹೇರಿದ ಭಾರ, ಏರುದಾರಿಯೋ ಸಮದಾರಿಯೋ, ಇದನ್ನೂ ಬರೆಯಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೇ ಈ ಕೆಲಸ ವಹಿಸಬಹುದು. ಮರಳಿ ಅದೇ ಕೋಡ್ ಬಂದರೆ ಹಳೆಯ ರೋಗ. ಬೇರೆ ಬಂದರೆ ಹೊಸದು.

ಒಂದು ಮಾತು ನೆನಪಿಡಿ. ಕೋಡ್ ತೋರಿಸುವುದು ಊರನ್ನು, ಮನೆಯನ್ನಲ್ಲ. ಪಿ 0087 ಎಂದರೆ ಡೀಸೆಲ್ಲಿನ ಒತ್ತಡ ಸಾಲದು ಎಂದರ್ಥ. ಕೂಡಲೇ ದುಬಾರಿ ಪಂಪು ಬದಲಿಸಬೇಡಿ. ಮೊದಲು ಡೀಸೆಲ್ ಫಿಲ್ಟರು ಕಟ್ಟಿದೆಯೇ, ನೀರು ಸೇರಿದೆಯೇ, ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿಸಿ. ಪಿ 0401 ಎಂದರೆ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಹಿಂದಿರುಗಿಸುವ ದಾರಿಯಲ್ಲಿ ಹರಿವು ಕಡಿಮೆ. ಹಳೆಯ ಗಾಡಿಯಲ್ಲಿ ಅಲ್ಲಿ ಮಸಿ ಕಟ್ಟಿರುವುದುಂಟು. ಎಷ್ಟೋ ಸಲ ಬಿಚ್ಚಿ ತೊಳೆದರೆ ಸಾಕು. ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದ ತಂತಿಯನ್ನೂ ಹುಡುಕಬೇಕು. "ಏನು ಪರೀಕ್ಷೆ ಮಾಡಿ ಈ ಸಾಮಾನು ಕೆಟ್ಟಿದೆ ಅಂದ್ಯಪ್ಪಾ?" ಎಂದು ಮೆಕ್ಯಾನಿಕ್ಕನ್ನು ಕೇಳುವುದಕ್ಕೆ ಸಂಕೋಚ ಬೇಡ.

ದಾರಿಯಲ್ಲಿ ಹತ್ತಿದರೆ ಏನು ಮಾಡಬೇಕು? ದೀಪ ಒಂದೇ ಸಮ ಉರಿಯುತ್ತಿದ್ದು, ಗಾಡಿ ಎಂದಿನಂತೆ ಎಳೆಯುತ್ತಿದ್ದರೆ ನಿಧಾನವಾಗಿ ಹೋಗಿ, ಬೇಗನೆ ತೋರಿಸಿ. ದೀಪ ಮಿಟುಕಿದರೆ, ಎಂಜಿನ್ ನಡುಗಿದರೆ, ಕಪ್ಪು ಹೊಗೆ ಉಗುಳಿದರೆ ಬದಿಗೆ ನಿಲ್ಲಿಸಿ. ಆಯಿಲಿನ ಕೆಂಪು ದೀಪವಾಗಲಿ, ಬಿಸಿ ಏರಿದ ಕೆಂಪು ದೀಪವಾಗಲಿ ಹತ್ತಿದರೆ ಒಂದು ಫರ್ಲಾಂಗೂ ಮುಂದೆ ಹೋಗಬೇಡಿ, ಎಂಜಿನ್ನೇ ಹಿಡಿದುಕೊಂಡೀತು.

ದುರಸ್ತಿಯಾದ ಮೇಲೆ ಅದೇ ದಾರಿಯಲ್ಲಿ, ಅಷ್ಟೇ ಭಾರ ಹೇರಿ ಎರಡು ಮೂರು ಸಲ ಓಡಿಸಿ. ದೀಪ ಬಾರದಿದ್ದರೆ ಗುಣವಾಯಿತೆಂದು ತಿಳಿಯಿರಿ. ದೀಪ ಆರಿಸಿದವನಿಗಲ್ಲ, ಕಾರಣ ಕಂಡುಹಿಡಿದವನಿಗೆ ಕೂಲಿ ಕೊಡಿ.