ಇಗರ್ಜಿ ಶಾಲೆಯ ಹೊಸ ವರ್ಷ

ಕರಾವಳಿಯಲ್ಲಿ ಶಾಲೆಯ ಹೊಸ ವರ್ಷವೂ ಮುಂಗಾರು ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಮೇ ತಿಂಗಳ ಕೊನೆಯ ದಿನಗಳಲ್ಲಿ ಶಾಲೆ ತೆರೆಯುತ್ತದೆ, ಪ್ರಾರಂಭೋತ್ಸವ ನಡೆಯುತ್ತದೆ. ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಮುಗಿಯುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಇವತ್ತು ನಾನು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೆಥೊಲಿಕ್ ಪ್ರಾಥಮಿಕ ಶಾಲೆಗಳಲ್ಲಿ ಈ ವರ್ಷಾರಂಭ ಹೇಗಿರುತ್ತದೆ ಎಂದು ಹೇಳಬೇಕೆಂದಿದ್ದೇನೆ.

ಕೆಥೊಲಿಕ್ ಶಾಲೆ ಎಂದ ಕೂಡಲೇ ಬಹಳ ಜನರಿಗೆ ಪಟ್ಟಣದ ಇಂಗ್ಲಿಷ್ ಕಾನ್ವೆಂಟು ನೆನಪಾಗುತ್ತದೆ. ನಾನು ಹೇಳುವುದು ಅದರ ವಿಷಯವಲ್ಲ. ಹಳ್ಳಿಯಲ್ಲಿ ಇಗರ್ಜಿಯ ಪಕ್ಕದಲ್ಲೇ ಹಂಚಿನ ಮಾಡಿನ ಉದ್ದನೆಯ ಕಟ್ಟಡ, ಮುಂದೆ ಆಟದ ಬಯಲು, ಬದಿಯಲ್ಲೊಂದು ಬಾವಿ ಇರುವ ಅನುದಾನಿತ ಕನ್ನಡ ಶಾಲೆಯ ವಿಷಯ. ಅಂತಹ ಶಾಲೆಯಲ್ಲಿ ಕಲಿತು ಅಂತಹದೇ ಶಾಲೆಯಲ್ಲಿ ಟೀಚರ್ ಆದವಳು ನಾನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಅಭಿಮಾನ ಕಂಡರೆ ಅದು ಇರುವುದೇ ಹೌದು.

ಮೊದಲು ಇಂತಹ ಶಾಲೆ ನಡೆಯುವ ಬಗೆಯನ್ನು ಹೇಳುತ್ತೇನೆ. ಶಾಲೆಯ ಆಡಳಿತ ಧರ್ಮಪ್ರಾಂತ್ಯದ ಶಿಕ್ಷಣ ಮಂಡಳಿಯದ್ದೋ ಧರ್ಮಭಗಿನಿಯರ ಸಭೆಯದ್ದೋ ಆಗಿರುತ್ತದೆ. ಇಗರ್ಜಿಯ ಶಾಲೆಯಾದರೆ ಸಾಮಾನ್ಯವಾಗಿ ಅಲ್ಲಿನ ಧರ್ಮಗುರುಗಳೇ ಸಂಚಾಲಕರು. ಮಂಜೂರಾದ ಹುದ್ದೆಯಲ್ಲಿರುವ ಶಿಕ್ಷಕರಿಗೆ ಸರ್ಕಾರ ಸಂಬಳ ಕೊಡುತ್ತದೆ. ಪಠ್ಯಪುಸ್ತಕ, ಬಿಸಿಯೂಟ, ಹಾಲು ಕೂಡ ಸರ್ಕಾರದಿಂದ ಬರುತ್ತವೆ. ಕಟ್ಟಡ, ದುರಸ್ತಿ, ಸುಣ್ಣಬಣ್ಣ ಆಡಳಿತದ ಹೊಣೆ. ಇದಕ್ಕೆ ಸಂವಿಧಾನದ ಆಧಾರವಿದೆ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. 29ನೇ ವಿಧಿಯ ಎರಡನೆಯ ಭಾಗದ ಪ್ರಕಾರ, ಸರ್ಕಾರದ ಹಣ ಪಡೆಯುವ ಶಾಲೆ ಧರ್ಮ, ಜಾತಿ, ಭಾಷೆಯ ಕಾರಣದಿಂದ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. 28ನೇ ವಿಧಿಯಂತೆ, ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಕಾನೂನಿನ ಭಾಷೆಯಲ್ಲಿ ಇವು ಮೂರು ಬೇರೆ ಬೇರೆ ಮಾತುಗಳು. ಇಗರ್ಜಿ ಶಾಲೆಯ ದಾಖಲಾತಿ ಪುಸ್ತಕವನ್ನು ಬಿಡಿಸಿದರೆ ಮೂರೂ ಒಂದೇ ಪುಟದಲ್ಲಿ ಕಾಣಸಿಗುತ್ತವೆ. ಅಲ್ಲಿ ಡಿಸೋಜ, ಪೂಜಾರಿ, ಶೆಟ್ಟಿ, ನಾಯ್ಕ ಎಂಬ ಹೆಸರುಗಳೂ ಬ್ಯಾರಿ ಮನೆಯ ಮಕ್ಕಳ ಹೆಸರುಗಳೂ ಒಂದರ ಕೆಳಗೊಂದು ಇರುತ್ತವೆ.

ವರ್ಷಾರಂಭದ ಕೆಲಸ ಮಕ್ಕಳು ಬರುವುದಕ್ಕೆ ಬಹಳ ಮುಂಚೆಯೇ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಟೀಚರುಗಳು ಮನೆಮನೆಗೆ ಹೋಗಿ ಒಂದನೇ ತರಗತಿಗೆ ಬರುವ ಪ್ರಾಯದ ಮಕ್ಕಳು ಯಾರಿದ್ದಾರೆಂದು ವಿಚಾರಿಸುತ್ತಾರೆ. ಅಂಗನವಾಡಿಗೆ ಹೋಗುತ್ತಾರೆ, ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ಮಾತಾಡುತ್ತಾರೆ. ಮಳೆ ಬರುವ ಮೊದಲು ಹಳೆ ವಿದ್ಯಾರ್ಥಿಗಳು, ಶಿಕ್ಷಕ-ರಕ್ಷಕ ಸಂಘದವರು ಸೇರಿ ಶ್ರಮದಾನ ಮಾಡುತ್ತಾರೆ. ಒಡೆದ ಹಂಚು ಬದಲಿಸುವುದು, ಮಾಡಿನ ಮೇಲೆ ಬಿದ್ದ ತರಗೆಲೆ ಗುಡಿಸುವುದು, ಚರಂಡಿ ಬಿಡಿಸುವುದು, ಬಾವಿಯ ಸುತ್ತಲಿನ ಹುಲ್ಲು ಕೀಳುವುದು. ಆ ದಿನ ಗಂಜಿ, ಚಟ್ನಿಯ ಊಟವೂ ಅಲ್ಲೇ. ಮಾಡು ಹತ್ತಿದವನ ಮಗ ಕಲಿಯುತ್ತಿರುವುದು ಬೇರೆ ಶಾಲೆಯಲ್ಲಿದ್ದರೂ ಇರಬಹುದು. ತಾನು ಕಲಿತ ಶಾಲೆ ಸೋರಬಾರದೆಂದು ಅವನು ಬಂದಿರುತ್ತಾನೆ.

ಇನ್ನು ಮೊದಲ ದಿನ. ಬಾಗಿಲಿಗೆ ಮಾವಿನ ತೋರಣ, ಹೊಸ ಮಕ್ಕಳ ಕೈಗೊಂದು ಹೂವು, ಬಾಯಿಗೆ ಸಿಹಿ. ಅಷ್ಟು ಹೊತ್ತು ಎಲ್ಲ ಮಕ್ಕಳೂ ನಗುತ್ತಿರುತ್ತಾರೆ. ನಿಜವಾದ ಕಷ್ಟ ಇರುವುದು ಅಮ್ಮನೋ ಅಜ್ಜಿಯೋ ಕೈ ಬಿಟ್ಟು ಹಿಂದಕ್ಕೆ ತಿರುಗುವ ಗಳಿಗೆಯಲ್ಲಿ.

ನನ್ನ ತರಗತಿಗೆ ಒಂದು ವರ್ಷ ಬಂದ ಹುಡುಗನೊಬ್ಬ ಬಾಗಿಲ ದಾರಂದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬರಲೇ ಇಲ್ಲ. ಹೊರಗೆ ಮಳೆ ಜೋರು. ಮನೆಯಲ್ಲಿ ಅವನು ಆಡುತ್ತಿದ್ದುದು ತುಳು ಮಾತ್ರ. 'ಬುಲಿಪೊಡ್ಚಿ ಮಗಾ', ಅಳಬೇಡ ಎಂದು ನಾನು ತುಳುವಿನಲ್ಲೇ ಹೇಳಿದೆ. ಅಳು ನಿಲ್ಲಲಿಲ್ಲ, ಆದರೆ ಮುಖ ನನ್ನ ಕಡೆ ತಿರುಗಿತು. ಜಗಲಿಯಲ್ಲಿ ಕಿಟಕಿಯ ಸರಳಿಗೆ ಮಕ್ಕಳ ಕೊಡೆಗಳನ್ನು ತೂಗುಹಾಕಿದ್ದರು. ಎಷ್ಟು ಕೊಡೆ ಇವೆ, ಎಣಿಸಿ ಹೇಳುತ್ತೀಯಾ ಎಂದು ಕೇಳಿದೆ. ಅವನು ಬಿಕ್ಕುತ್ತಲೇ ಒಂಜಿ, ರಡ್ಡ್, ಮೂಜಿ, ನಾಲ್ ಎಂದು ಒಂದೊಂದನ್ನೂ ಮುಟ್ಟಿ ಎಣಿಸಿದ. ಪತ್ತ್ ಎಂದಾಗ ನಾನು ಕರಿಹಲಗೆಯ ಮೇಲೆ ಹತ್ತು ಎಂಬ ಅಂಕಿ ಬರೆದೆ. ತಾನು ಎಣಿಸಿದ್ದೇ ಅಲ್ಲಿ ಬಿದ್ದಿದೆ ಎಂದು ಗೊತ್ತಾದಾಗ ಅವನು ದಾರಂದ ಬಿಟ್ಟು ಹಲಗೆಯ ಹತ್ತಿರ ಬಂದ. ಆ ದಿನದ ಪಾಠ ಅಷ್ಟೇ, ಸಾಕಾಗಿತ್ತು.

ಈ ಶಾಲೆಗಳ ಶಿಕ್ಷಕರಲ್ಲಿ ಹೆಚ್ಚಿನವರು ಅದೇ ಸೀಮೆಯವರು. ಕೊಂಕಣಿಯಲ್ಲಿ ಒಬ್ಬಳನ್ನು ಸಮಾಧಾನ ಮಾಡಿ, ತುಳುವಿನಲ್ಲಿ ಇನ್ನೊಬ್ಬನಿಗೆ ಗದರಿ, ಬ್ಯಾರಿ ಭಾಷೆ ಆಡುವ ಮಗುವಿಗೆ ಬಂದಷ್ಟರಲ್ಲಿ ಉತ್ತರ ಕೊಟ್ಟು, ನಡುನಡುವೆ ಕನ್ನಡವನ್ನು ಸೇರಿಸುತ್ತಾ ಹೋಗುತ್ತಾರೆ. ದೀಪಾವಳಿಯ ಹೊತ್ತಿಗೆ ತರಗತಿಯೆಲ್ಲ ಕನ್ನಡದಲ್ಲಿ ಜಗಳವಾಡುತ್ತಿರುತ್ತದೆ. ಮನೆಮಾತನ್ನು ಹೊಸಿಲಾಚೆ ಬಿಟ್ಟು ಬಾ ಎಂದು ಮಗುವಿಗೆ ಹೇಳದೆಯೇ ಅದನ್ನು ಕನ್ನಡಕ್ಕೆ ಕರೆತರುವುದು ದೊಡ್ಡ ವಿದ್ಯೆ.

ಕೆಥೊಲಿಕ್ ಶಿಕ್ಷಣದ ಚರಿತ್ರೆಯಲ್ಲಿ ಇದಕ್ಕೊಂದು ಹಳೆಯ ಬೇರಿದೆ. ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಎಂಬ ಧರ್ಮಗುರು ರೀಮ್ಸ್ ನಗರದಲ್ಲಿ ಬಡ ಮಕ್ಕಳಿಗಾಗಿ ಶಾಲೆಗಳನ್ನು ಕಟ್ಟಿದರು. ಆಗ ಓದು ಕಲಿಸುತ್ತಿದ್ದುದು ಲ್ಯಾಟಿನ್ ಪಠ್ಯದಿಂದ. ಇವರು ಮಕ್ಕಳು ಆಡುವ ಫ್ರೆಂಚಿನಿಂದಲೇ ಓದು ಶುರುಮಾಡಿಸಿದರು. ಇವರ ಶಾಲೆಗಳಿಗಾಗಿ ಬರೆದ ಕೈಪಿಡಿ ಇವರು ತೀರಿಕೊಂಡ ಮರುವರ್ಷ, 1720ರಲ್ಲಿ, ಅಚ್ಚಾಯಿತು. ಹೊಸ ಮಗುವಿನ ಮನೆ, ಹಿಂದಿನ ಓದು, ಸ್ವಭಾವ ಇವನ್ನೆಲ್ಲ ತಿಳಿದು ಬರೆದಿಟ್ಟುಕೊಳ್ಳಬೇಕೆಂದು ಅದರಲ್ಲಿದೆ. 1950ರಲ್ಲಿ ಪೋಪ್ ಹನ್ನೆರಡನೇ ಪಿಯುಸ್, ಲಾ ಸಾಲ್ ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು.

ನಮ್ಮ ಕಡೆಯ ಚರಿತ್ರೆಯೂ ಸಣ್ಣದಲ್ಲ. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣದ ಕೆಲಸ ಕೈಗೆತ್ತಿಕೊಂಡರು. 1921ರ ಜುಲೈ 16ರಂದು ಬೆಂದೂರಿನಲ್ಲಿ ಧರ್ಮಗುರು ಆರ್. ಎಫ್. ಸಿ. ಮಸ್ಕರೇನ್ಹಸ್ ಬೆಥನಿ ಸಭೆಯನ್ನು ಸ್ಥಾಪಿಸಿದರು. ಹಳ್ಳಿಯ ಹುಡುಗಿಯರು ಅಕ್ಷರ ಕಲಿಯಬೇಕೆಂಬುದು ಅವರ ದೊಡ್ಡ ಹಂಬಲವಾಗಿತ್ತು. ಮನೆಗೆಲಸಕ್ಕೂ ತಮ್ಮ-ತಂಗಿಯರನ್ನು ಎತ್ತಿಕೊಳ್ಳುವುದಕ್ಕೂ ಹುಡುಗಿ ಬೇಕು ಎನ್ನುತ್ತಿದ್ದ ಕಾಲದಲ್ಲಿ ಈ ಭಗಿನಿಯರು ಗದ್ದೆ ಹುಣಿಯಲ್ಲಿ ನಡೆದು ಮನೆಗಳಿಗೆ ಹೋಗಿ ಹುಡುಗಿಯರನ್ನು ಶಾಲೆಗೆ ಕರೆತಂದರು. ಇವತ್ತು ಆ ಮನೆಗಳ ಮೊಮ್ಮಕ್ಕಳು ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಾರೆ.

ಇನ್ನು ಪ್ರಾರ್ಥನೆಯ ವಿಷಯ. ಶಾಲಾ ವರ್ಷವನ್ನು ಬಲಿಪೂಜೆಯಿಂದ ಶುರುಮಾಡುವುದು ಕೆಥೊಲಿಕರಲ್ಲಿ ಹಳೆಯ ವಾಡಿಕೆ. ಪವಿತ್ರಾತ್ಮರಲ್ಲಿ ಜ್ಞಾನ, ವಿವೇಕಗಳನ್ನು ಬೇಡಿಕೊಳ್ಳುತ್ತಾರೆ. ಪುಸ್ತಕ, ಪೆನ್ನುಗಳನ್ನು ಆಶೀರ್ವದಿಸುತ್ತಾರೆ. ಜೂನ್ 21ಕ್ಕೆ ವಿದ್ಯಾರ್ಥಿಗಳ ಪಾಲಕರೆನಿಸಿದ ಸಂತ ಅಲೋಶಿಯಸ್ ಗೊನ್ಸಾಗರ ಹಬ್ಬವೂ ಬರುತ್ತದೆ. ಕೆಥೊಲಿಕ್ ಮಕ್ಕಳ ಧರ್ಮೋಪದೇಶ ತರಗತಿಯೂ ಜೂನಿನಲ್ಲೇ ಶುರುವಾಗುತ್ತದೆ. ಅದು ಬೇರೆ, ಶಾಲೆಯ ಪಾಠ ಬೇರೆ. ಬೆಳಗ್ಗಿನ ಅಸೆಂಬ್ಲಿ ಎಲ್ಲರದ್ದು. ಭಾರತದ ಕೆಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ 2024ರಲ್ಲಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದು, ಅಸೆಂಬ್ಲಿಯಲ್ಲಿ ದಿನವೂ ಸಂವಿಧಾನದ ಪೀಠಿಕೆ ಓದಿಸಬೇಕು ಎಂದು ಹೇಳಿದೆ. ಕರ್ನಾಟಕ ಸರ್ಕಾರವೂ 2023ರಲ್ಲಿ ಶಾಲೆಗಳಲ್ಲಿ ಪೀಠಿಕೆಯ ಓದನ್ನು ಜಾರಿಗೆ ತಂದಿತು. ಮೂರನೇ ತರಗತಿಯ ಮಗುವಿಗೆ 'ಸಾರ್ವಭೌಮ' ಎಂಬ ಪದ ನಾಲಗೆಗೆ ಹೊರಳುವುದು ಕಷ್ಟ. ಆದರೂ ದಿನಾ ಹೇಳುತ್ತಾ ಹೇಳುತ್ತಾ ಬರುತ್ತದೆ. ಅರ್ಥ ಬಿಡಿಸಿ ಹೇಳಬೇಕಾದ ಜವಾಬ್ದಾರಿ ನಮ್ಮದು.

ಮೊದಲ ವಾರಗಳಲ್ಲಿ ಹೊಸ ಪಾಠ ಓಡುವುದಿಲ್ಲ. ಸೇತುಬಂಧ ನಡೆಯುತ್ತದೆ. ಹಿಂದಿನ ವರ್ಷ ಕಲಿತದ್ದರಲ್ಲಿ ಮಗುವಿಗೆ ಎಷ್ಟು ಉಳಿದಿದೆ ಎಂದು ಒಂದು ಪರೀಕ್ಷೆಯಿಂದ ನೋಡಿ, ಬಿಟ್ಟುಹೋದದ್ದನ್ನು ಮತ್ತೆ ಕಲಿಸಿ, ಕೊನೆಗೆ ಮತ್ತೊಮ್ಮೆ ನೋಡುವ ಕ್ರಮ ಇದು. ಇದನ್ನು ಕಾಗದದ ಮೇಲೆ ತುಂಬಿ ಮುಗಿಸಲೂಬಹುದು, ಮನಸ್ಸಿಟ್ಟು ಮಾಡಲೂಬಹುದು. ಮನಸ್ಸಿಟ್ಟು ಮಾಡಿದರೆ ಬೇರೆ ಎಷ್ಟೋ ವಿಷಯ ತಿಳಿಯುತ್ತದೆ. ಕಳೆಯುವ ಲೆಕ್ಕ ತಪ್ಪುವ ಹುಡುಗಿಗೆ ಲೆಕ್ಕ ಗೊತ್ತಿಲ್ಲದಿರುವುದಲ್ಲ, ಹಲಗೆಯ ಅಂಕಿ ಕಣ್ಣಿಗೆ ಕಾಣದಿರುವುದು ಎಂದು ಗೊತ್ತಾಗುವುದೂ ಈ ದಿನಗಳಲ್ಲೇ. ಬೆಳಿಗ್ಗೆ ತಿಂಡಿ ತಿನ್ನದೆ ಬರುವವನು ಯಾರು, ಅಪ್ಪ ಗಲ್ಫಿಗೆ ಹೋಗಿ ಅಜ್ಜಿಯ ಜೊತೆ ಉಳಿದವಳು ಯಾರು ಎಂಬುದೂ ಈಗಲೇ ತಿಳಿಯಬೇಕು.

ಜೂನ್ ಮುಗಿಯುವುದರೊಳಗೆ ಶಾಲಾ ಚುನಾವಣೆಯೂ ನಡೆಯುತ್ತದೆ. ಮಕ್ಕಳೇ ನಾಮಪತ್ರ ಹಾಕಿ, ಪ್ರಚಾರ ಮಾಡಿ, ಬೆರಳಿಗೆ ಶಾಯಿ ಹಾಕಿಸಿಕೊಂಡು ಓಟು ಹಾಕುತ್ತಾರೆ. ಶಾಲಾ ನಾಯಕ, ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ತೋಟದ ಮಂತ್ರಿ, ವಿರೋಧ ಪಕ್ಷದ ನಾಯಕಿ, ಎಲ್ಲರೂ ಪ್ರಮಾಣ ವಚನ ಸ್ವೀಕರಿಸುತ್ತಾರೆ. ಆಹಾರ ಮಂತ್ರಿ ಬಿಸಿಯೂಟದ ಸಾಲು ನೋಡಿಕೊಳ್ಳುತ್ತಾನೆ. ಅನ್ನ ಚೆಲ್ಲಿದರೆ ಕೇಳುವ ಹಕ್ಕು ಅವನಿಗಿದೆ. ನಾಲ್ಕು ಜಾತಿ, ಮೂರು ಧರ್ಮದ ಮಕ್ಕಳು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಒಂದೇ ಪಾತ್ರೆಯ ಸಾಂಬಾರು ಉಣ್ಣುವ ಆ ಸಾಲು, ಪೀಠಿಕೆಯಲ್ಲಿ ಬರುವ ಭ್ರಾತೃತ್ವದ ಪಾಠ.

ಈ ಶಾಲೆಗಳಿಗೆ ಈಗ ಕಷ್ಟ ಬಂದಿದೆ. ಹೆತ್ತವರು ಇಂಗ್ಲಿಷ್ ಮಾಧ್ಯಮ ಬಯಸುತ್ತಾರೆ, ಮನೆ ಬಾಗಿಲಿಗೆ ಹಳದಿ ಬಸ್ಸು ಬರುತ್ತದೆ. ನಿವೃತ್ತರಾದ ಶಿಕ್ಷಕರ ಹುದ್ದೆ ವರ್ಷಗಟ್ಟಲೆ ಖಾಲಿ ಬೀಳುತ್ತದೆ. ಆಡಳಿತದವರು ಕೊಡುವ ಸಣ್ಣ ಗೌರವಧನಕ್ಕೆ ತರುಣಿಯರು ಬಂದು ಪಾಠ ಮಾಡುತ್ತಾರೆ, ಒಳ್ಳೆಯ ಕೆಲಸ ಸಿಕ್ಕಿದಾಗ ಹೋಗುತ್ತಾರೆ. ಅವರನ್ನು ದೂರಲಾಗದು. ಇಂಗ್ಲಿಷ್ ಬೇಕೆನ್ನುವ ತಾಯಿಯನ್ನೂ ದೂರಲಾಗದು. ಮಗಳಿಗೆ ನಾಳೆ ಕೆಲಸ ಸಿಗಬೇಕೆಂದು ಅವಳು ಬಯಸುವುದು ಸಹಜ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಲು ಈ ಶಾಲೆಗಳಿಗೆ ಸಾಧ್ಯವಿದೆ, ಅದನ್ನು ಅವು ಮಾಡಲೇಬೇಕು. ಆದರೆ ಆರು ವರ್ಷದ ಮಗು ಲೋಕವನ್ನು ಅರ್ಥಮಾಡಿಕೊಳ್ಳುವುದು ತನಗೆ ತಿಳಿಯುವ ಮಾತಿನಲ್ಲಿ. ಪ್ರಶ್ನೆ ಕೇಳಲು ಬಾಯಿ ಬಾರದ ತರಗತಿಯಲ್ಲಿ ಮಗು ಬಾಯಿಪಾಠ ಮಾಡುತ್ತದೆ, ಸುಮ್ಮನಿರುವುದನ್ನು ಕಲಿಯುತ್ತದೆ.

ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಶಿಕ್ಷಣದ ಘೋಷಣೆಯಲ್ಲಿ, ಮಕ್ಕಳಿಗೆ ಹೆತ್ತವರೇ ಮೊದಲ ಶಿಕ್ಷಕರು ಎಂದಿದೆ. ಹಾಗಾಗಿ ಹೆತ್ತವರಲ್ಲಿ ನನ್ನದೊಂದು ವಿನಂತಿ. ಮಗುವನ್ನು ಯಾವ ಶಾಲೆಗೇ ಸೇರಿಸಿ, ಮೊದಲ ವಾರ ಟೀಚರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ಮಗುವಿಗೆ ಏನು ಭಯ, ಏನು ಇಷ್ಟ, ಮನೆಯಲ್ಲಿ ಯಾವ ಮಾತು, ರಾತ್ರಿ ಯಾರ ಪಕ್ಕ ಮಲಗುತ್ತದೆ ಎಂದು ಹೇಳಿ. ಅಂಕಪಟ್ಟಿಯಲ್ಲಿ ಸಿಗದ ಈ ವಿವರಗಳಿಂದಲೇ ಟೀಚರ ಕೆಲಸ ಶುರುವಾಗುವುದು.

ಇಗರ್ಜಿ ಶಾಲೆಯಲ್ಲಿ ಕಲಿತು ದೂರದ ಊರುಗಳಲ್ಲಿ ನೆಲೆಸಿದವರಲ್ಲೂ ಒಂದು ಮಾತು. ಶತಮಾನೋತ್ಸವದ ಆಮಂತ್ರಣ ಪತ್ರಿಕೆ ಬರುವವರೆಗೆ ಕಾಯಬೇಡಿ. ಒಬ್ಬ ಗೌರವ ಶಿಕ್ಷಕಿಯ ಸಂಬಳ, ಒಂದು ವ್ಯಾನಿನ ಬಾಡಿಗೆ, ಕನ್ನಡಕ ಬೇಕಾದ ಒಂದು ಮಗುವಿಗೆ ಕನ್ನಡಕ, ಶಾಲೆ ತೆರೆಯುವ ಹೊತ್ತಿಗೆ ಇಷ್ಟನ್ನು ಯಾರಾದರೂ ವಹಿಸಿಕೊಂಡರೆ ಶಾಲೆಗೆ ಆ ವರ್ಷ ಧೈರ್ಯ ಬರುತ್ತದೆ. ಊರಿನ ಎಲ್ಲ ಮನೆಗಳ ಮಕ್ಕಳು ಒಟ್ಟಿಗೆ ಕೂರುವ ಜಾಗ ಊರಿನಲ್ಲಿ ಹೆಚ್ಚೇನೂ ಉಳಿದಿಲ್ಲ. ಇರುವುದನ್ನು ಮುಚ್ಚಲು ಬಿಡಬಾರದು.