ಕಂತಿಗೆ ಮುಂಚೆ ಅನ್ನದ ಲೆಕ್ಕ

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಾಲ ಮಾಡುವ ದಿನ ಉಪದೇಶ ಕೊಡುವವರು ಬಹಳ. ಸಾಲ ತೀರಿದ ದಿನ ಬಂದು ಸಿಹಿ ತಿನ್ನುವವರೂ ಉಂಟು. ಇವೆರಡರ ನಡುವಿನ ಮೂರು, ನಾಲ್ಕು, ಒಮ್ಮೊಮ್ಮೆ ಏಳು ವರ್ಷಗಳ ಕುರಿತು ಮಾತನಾಡುವವರು ಇಲ್ಲ. ಒಬ್ಬ ಗೃಹಸ್ಥನು ಬ್ಯಾಂಕಿನವರೆದುರೋ ಲೋಕ ಅದಾಲತ್ತಿನ ಮುಂದೆಯೋ ಕುಳಿತು, ಬಾಕಿಯನ್ನು ಇಂತಿಷ್ಟು ಕಂತುಗಳಲ್ಲಿ ತೀರಿಸುವುದಾಗಿ ಬರೆದುಕೊಟ್ಟು ಮನೆಗೆ ಮರಳುತ್ತಾನೆ. ಮರುದಿನ ಬೆಳಗ್ಗೆ ಹಾಲಿನವನು ಬಾಗಿಲಿಗೆ ಬಂದಾಗ ಒಂದು ಲೀಟರೋ ಅರ್ಧ ಲೀಟರೋ ಎಂಬ ಪ್ರಶ್ನೆ ಏಳುತ್ತದೆ. ಒಪ್ಪಂದಪತ್ರದಲ್ಲಿ ಅದಕ್ಕೆ ಉತ್ತರವಿರುವುದಿಲ್ಲ. ಇಂದಿನ ಮಾತು ಆ ಉತ್ತರವನ್ನು ಕುರಿತದ್ದು.

ಪುಣೆಗೆ ಈ ಪ್ರಶ್ನೆ ಹೊಸದಲ್ಲ. ಇದೇ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ 1875ರ ಮೇ 12ರಂದು ಸುತ್ತಲಿನ ಹಳ್ಳಿಗಳ ರೈತರು ಕೂಡಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಮೊದಲು ಕೇಳಿದ್ದು ಹಣವನ್ನಲ್ಲ, ಬಹಿಖಾತೆಗಳನ್ನು, ಸಾಲಪತ್ರಗಳನ್ನು. ಸಿಕ್ಕಿದ್ದನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಗಲಭೆ ಅಹ್ಮದನಗರದವರೆಗೂ ಹಬ್ಬಿತು. 951 ಜನರ ಬಂಧನವಾಯಿತು. ಕಾರಣಗಳು ಹಿಂದಿನಿಂದ ಬಂದವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ ಹತ್ತಿಯ ಬೆಲೆ 1865ರ ನಂತರ ಕುಸಿಯಿತು, ಕಂದಾಯವೋ ಏರಿತು. ಇದರ ಜೊತೆಗೆ 1859ರ ಕಾಲಮಿತಿ ಕಾಯಿದೆಯಂತೆ ಸಾಲಪತ್ರದ ಆಯುಷ್ಯ ಮೂರು ವರ್ಷ ಮಾತ್ರ. ಬಡ್ಡಿ ಬೆಳೆಯದಂತೆ ರೈತನನ್ನು ಕಾಯಲೆಂದು ಮಾಡಿದ ಕಾನೂನು ಅದು. ಆದರೆ ಮೂರು ವರ್ಷ ತುಂಬುತ್ತಲೇ ಉಳಿದ ಅಸಲಿಗೆ ಬಡ್ಡಿಯನ್ನು ಸೇರಿಸಿ, ಒಟ್ಟು ಮೊತ್ತವನ್ನೇ ಹೊಸ ಅಸಲೆಂದು ಹೊಸ ಪತ್ರ ಬರೆಸಿಕೊಳ್ಳುವ ರೂಢಿ ಬೆಳೆಯಿತು. ಹೆಬ್ಬೆಟ್ಟು ಒತ್ತುವ ರೈತನಿಗೆ ಪತ್ರದಲ್ಲಿ ಏನಿದೆ ಎಂಬುದು ತಿಳಿಯುತ್ತಿರಲಿಲ್ಲ.

ಈ ಭಾಗದ ಸಾಹುಕಾರರಲ್ಲಿ ಮಾರವಾಡಿ ಮತ್ತು ಗುಜರಾತಿ ವರ್ತಕರು ಹೆಚ್ಚಾಗಿದ್ದರು. ಅವರಲ್ಲಿ ಜೈನರೂ ಇದ್ದರು. ಈ ಮಾತನ್ನು ಜೈನ ಸಭೆಯಲ್ಲಿ ಮೆಲ್ಲಗೆ ಹೇಳಿ ದಾಟಿಹೋಗುವುದು ವಾಡಿಕೆ. ದಾಟಬೇಕಾಗಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಎಂಬುದನ್ನು ತತ್ತ್ವಾರ್ಥಸೂತ್ರವೇ ಹೆಸರಿಸುತ್ತದೆ: ಸುಳ್ಳು ಪತ್ರ ಬರೆಯುವುದು. ಶ್ರಾವಕನು ಲೆಕ್ಕದ ಪುಸ್ತಕದಲ್ಲೇ ವ್ರತ ಮುರಿಯಬಲ್ಲನೆಂದು ಆಚಾರ್ಯರು ಮುಂಚೆಯೇ ಕಂಡಿದ್ದರು. ಇನ್ನೊಂದು ಮಗ್ಗುಲೂ ಉಂಟು. ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರಗಳ ಚತುರ್ಥ ಜೈನರು ಬಹುಮಟ್ಟಿಗೆ ನೇಗಿಲು ಹಿಡಿದವರು, ಸಾಲ ಮಾಡಿ ಬಿತ್ತಿದವರು. ಬಹಿಖಾತೆಯ ಎರಡೂ ಪುಟಗಳಲ್ಲಿ ಜೈನರ ಹೆಸರಿದೆ. ಸಾಲಗಾರನ ಬಗ್ಗೆ ತೀರ್ಪು ಕೊಡುವ ಮುಂಚೆ ಇದು ನೆನಪಿರಬೇಕು.

ಗಲಭೆಯ ವಿಚಾರಣೆಗೆ ಆಯೋಗ ನೇಮಕವಾಯಿತು. ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದನಗರ ಜಿಲ್ಲೆಗಳಿಗೆ ಅದು ಅನ್ವಯಿಸಿತು. ಹೀಗಾಗಿ ಸೊಲ್ಲಾಪುರದ ಕನ್ನಡ ಒಕ್ಕಲಿಗನೂ ಆರಂಭದಿಂದಲೇ ಅದರ ನೆರಳಿಗೆ ಬಂದನು. ನ್ಯಾಯಾಧೀಶನು ಪತ್ರದಲ್ಲಿರುವ ಅಂಕಿಯನ್ನೇ ನಂಬಿ ಕೂಡಬಾರದು. ವ್ಯವಹಾರವನ್ನು ಮೊದಲಿನಿಂದ ಕೆದಕಿ ನಿಜವಾದ ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಬೇರ್ಪಡಿಸಬೇಕು. ಹಣದ ಡಿಕ್ರಿಗಾಗಿ ಕೃಷಿಕನನ್ನು ಸೆರೆಗೆ ಹಾಕುವಂತಿಲ್ಲ. ಡಿಕ್ರಿಯ ಹಣವನ್ನು ಕಂತುಗಳಲ್ಲಿ ತೀರಿಸಲು ನ್ಯಾಯಾಲಯ ಅಪ್ಪಣೆ ಕೊಡಬಹುದು. ಕಟ್ಟಿದ ಹಣಕ್ಕೆ ಸಾಹುಕಾರನು ಲಿಖಿತ ರಸೀದಿ ಕೊಡಲೇಬೇಕು. 1887ರಲ್ಲಿ ಮಹಾದೇವ ಗೋವಿಂದ ರಾನಡೆಯವರು ಈ ಕಾಯಿದೆಯ ವಿಶೇಷ ನ್ಯಾಯಾಧೀಶರಾದರು. ಊರೂರು ಸುತ್ತಿ ಕೆಳಗಿನ ನ್ಯಾಯಾಲಯಗಳ ಕೆಲಸವನ್ನು ಪರೀಕ್ಷಿಸುವುದು ಅವರ ಹೊಣೆಯಾಗಿತ್ತು.

ಅದೇ ಕಾಯಿದೆಯ ಒಂದು ಮೂಲೆಯಲ್ಲಿ ಇಂದಿನ ವಿಷಯಕ್ಕೆ ನೇರವಾಗಿ ತಾಗುವ ಮಾತೊಂದಿದೆ. ಸಾಲಗಾರನ ಜಮೀನನ್ನು ಕಲೆಕ್ಟರನು ಏಳು ವರ್ಷ ಮೀರದ ಅವಧಿಗೆ ವಶಕ್ಕೆ ತೆಗೆದುಕೊಂಡು, ಅದರ ಹುಟ್ಟುವಳಿಯಿಂದ ಸಾಲ ತೀರಿಸಬಹುದಿತ್ತು. ಆದರೆ ಎಲ್ಲ ಜಮೀನನ್ನೂ ಅಲ್ಲ. ಸಾಲಗಾರನಿಗೂ ಅವನನ್ನು ನಂಬಿದ ಮನೆಮಂದಿಗೂ ಜೀವನೋಪಾಯಕ್ಕೆ ಬೇಕಾದಷ್ಟು ಬಿಟ್ಟು ಉಳಿದದ್ದನ್ನು ಮಾತ್ರ. ಅಂದರೆ ಮನೆಯ ಅನ್ನವನ್ನು ಮೊದಲು ಎಣಿಸಬೇಕು, ಕಂತನ್ನು ಅನಂತರ. ವಸಾಹತು ಸರಕಾರದ ಕರುಣೆಯನ್ನು ಹೊಗಳಲು ಈ ಮಾತು ಹೇಳುತ್ತಿಲ್ಲ. ಸುಪೆಯ ಬೆಂಕಿ ಕಾಣದಿದ್ದರೆ ಅದು ಬರೆಯುತ್ತಿತ್ತೇ ಎಂಬುದು ಬೇರೆ ಮಾತು. ಜಾಣ ಸಾಹುಕಾರರು ಇದಕ್ಕೂ ದಾರಿ ಹುಡುಕಿದರು. ಸಾಲಪತ್ರದ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದರು.

ಮುಂದೆ 1939ರಲ್ಲಿ ಬಿ. ಜಿ. ಖೇರ್ ಅವರ ಸರಕಾರ ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯಿದೆಯನ್ನು ತಂದಿತು. ಆ ಮಂತ್ರಿಮಂಡಲದ ಹಣಕಾಸು ಮಂತ್ರಿ ಅಣ್ಣಾಸಾಹೇಬ ಲಠ್ಠೆ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯ ಕಂಬಗಳಲ್ಲಿ ಒಬ್ಬರು. ಸಾಲಪರಿಹಾರವು ಸಮಾಜಸುಧಾರಣೆಯ ಹೊರಗಿನ ವಿಷಯವೆಂದು ಹೇಳುವವರು ಅವರ ಹೆಸರನ್ನು ನೆನೆಯುವುದು ಒಳ್ಳೆಯದು.

ಈಗ ಇಂದಿಗೆ ಬರಬೇಕು. ಭೋಸರಿಯ ಕಾರ್ಖಾನೆಯಲ್ಲಿ ದುಡಿಯುವ, ಚಿಕ್ಕೋಡಿ ಕಡೆಯಿಂದ ಬಂದ ಒಬ್ಬ ನೌಕರನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಕೈಗೆ ಬರುವ ಪಗಾರ 40,000 ರೂಪಾಯಿ. ವೈಯಕ್ತಿಕ ಸಾಲ, ಬೈಕಿನ ಸಾಲ, ಕ್ರೆಡಿಟ್ ಕಾರ್ಡ್, ಮೊಬೈಲ್ ಆ್ಯಪ್ ಸಾಲ ಎಲ್ಲ ಸೇರಿ ತಿಂಗಳ ಕಂತು 31,000. ಉಳಿಯುವುದು 9,000, ಮನೆ ಬಾಡಿಗೆಯೇ 11,000. ಹಾಗಾದರೆ ಆತ ಹೇಗೆ ಬದುಕುತ್ತಾನೆ? ಒಂದು ಕಾರ್ಡಿನಿಂದ ತೆಗೆದು ಇನ್ನೊಂದಕ್ಕೆ ಕಟ್ಟುತ್ತಾನೆ. ಹಳೆಯ ಸಾಲ ಮುಚ್ಚಲು ಹೊಸ ಸಾಲ ತೆಗೆಯುತ್ತಾನೆ. 1859ರ ನಂತರದ ಹೊಸ ಪತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹೆಬ್ಬೆಟ್ಟು ಒತ್ತುವ ಜಾಗ ಮಾತ್ರ: ಆಗ ಕಾಗದ, ಈಗ ಫೋನಿನ ಗಾಜು.

ಕೊನೆಗೆ ಮಾತುಕತೆಯಾಗಿ, ಸಾಲ ಕೊಟ್ಟವರು 4,68,000 ರೂಪಾಯಿಗೆ ಒಪ್ಪುತ್ತಾರೆನ್ನೋಣ. ಕಂತು ಎಷ್ಟಿರಬೇಕು? ಇಲ್ಲಿ ಕಾನೂನು ಒಂದು ಅಳತೆಗೋಲು ಕೊಡುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ, ಹಣದ ಡಿಕ್ರಿಗಾಗಿ ಪಗಾರವನ್ನು ಜಪ್ತಿ ಮಾಡುವಾಗ ಮೊದಲ 1,000 ರೂಪಾಯಿಯನ್ನೂ ಉಳಿದದ್ದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. 40,000ಕ್ಕೆ ಈ ಲೆಕ್ಕ ಹಾಕಿದರೆ 27,000 ಮನೆಗೆ, 13,000 ಸಾಲಕ್ಕೆ. ಒಪ್ಪಂದಕ್ಕೆ ಬರುವ ಬ್ಯಾಂಕು ಈ ಅಂಕಿಗೆ ಬದ್ಧವಲ್ಲ. ಆದರೂ ನ್ಯಾಯಾಲಯವೇ ಬಲವಂತವಾಗಿ ಕಸಿದುಕೊಳ್ಳದಷ್ಟನ್ನು ಸ್ವಇಚ್ಛೆಯಿಂದ ಕೊಡುವುದಾಗಿ ಸಹಿ ಹಾಕುವುದು ಜಾಣತನವಲ್ಲ.

13,000ದ ಕಂತಿನಲ್ಲೂ ಒಂದು ಬಲೆ ಇದೆ. ಉಳಿದ 27,000ದಲ್ಲಿ ಬಾಡಿಗೆ 11,000, ದಿನಸಿ, ಹಾಲು, ಗ್ಯಾಸಿಗೆ 8,000, ಶಾಲೆಗೆ 3,500, ಓಡಾಟಕ್ಕೆ 2,000, ವಿದ್ಯುತ್ತು ಮತ್ತು ಫೋನಿಗೆ 1,000, ತಾಯಿಯ ಔಷಧಕ್ಕೆ 1,000. ಕೂಡಿದರೆ 26,500. ಉಳಿಯುವುದು 500 ರೂಪಾಯಿ. ಮಳೆಗಾಲದಲ್ಲಿ ಮಗುವಿಗೆ ಒಂದು ಜ್ವರ ಬಂದರೆ ಆ ತಿಂಗಳ ಕಂತು ತಪ್ಪುತ್ತದೆ. ಇಂಥ ಒಪ್ಪಂದಗಳಲ್ಲಿ, ಕಂತು ತಪ್ಪಿದರೆ ಪೂರ್ತಿ ಬಾಕಿ ಕೂಡಲೇ ಕೊಡತಕ್ಕದ್ದು ಎಂಬ ಷರತ್ತು ಸಾಮಾನ್ಯ. ಲೋಕ ಅದಾಲತ್ತಿನ ತೀರ್ಪಂತೂ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಆದ್ದರಿಂದ 36 ತಿಂಗಳಲ್ಲಿ ಮುಗಿಸುವೆನೆಂಬ ಶೌರ್ಯಕ್ಕಿಂತ, ಮೊತ್ತವನ್ನು ಹೆಚ್ಚಿಸದೆ ತಿಂಗಳಿಗೆ 11,000ದಂತೆ 43 ತಿಂಗಳು ಕೇಳುವುದು ಮೇಲು. ಆಗ ತಿಂಗಳಿಗೆ 2,500 ರೂಪಾಯಿ ಜ್ವರಕ್ಕೆಂದು ಮನೆಯಲ್ಲಿ ಉಳಿಯುತ್ತದೆ. ಏಳು ತಿಂಗಳು ಹೆಚ್ಚು ಋಣದಲ್ಲಿರುವುದು ಅವಮಾನವೆಂದು ಹಿರಿಯರು ಹೇಳಿಯಾರು. ಕಂತು ಮುರಿದು ಮತ್ತೆ ಆ್ಯಪಿನ ಬಾಗಿಲು ತಟ್ಟುವುದು ಅದಕ್ಕಿಂತ ದೊಡ್ಡ ಅವಮಾನ.

ಈ ಲೆಕ್ಕವನ್ನು ಗಂಡಸು ಒಬ್ಬನೇ ಕಚೇರಿಯ ಕ್ಯಾಂಟೀನಿನಲ್ಲಿ ಕುಳಿತು ಮಾಡಿದರೆ ಅದು ನಿಲ್ಲುವುದಿಲ್ಲ. ಎಣ್ಣೆ ಎಷ್ಟು ದಿನಕ್ಕೆ ಮುಗಿಯುತ್ತದೆಂದು ಬಲ್ಲವಳು ಮಡದಿ. ಎಷ್ಟೋ ಮನೆಗಳಲ್ಲಿ ಸಾಲದ ಸುದ್ದಿ ಆಕೆಗೆ ತಿಳಿಯುವುದು ವಸೂಲಿಯವನ ಕರೆಯಿಂದ. ಆಮೇಲೆ ಮೊದಲು ಹೊರಬರುವುದು ಆಕೆಯ ಬಂಗಾರ. ಸ್ತ್ರೀಧನ ಸಂಪೂರ್ಣವಾಗಿ ಆಕೆಯದೇ ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲೇ ಹೇಳಿದೆ. ಆಕೆ ಮನಸಾರೆ ಕೊಟ್ಟರೆ ಅದು ಆಕೆಯ ದೊಡ್ಡತನ. ಕೇಳದೆ ಅಡವಿಟ್ಟರೆ ಅದಕ್ಕೆ ಅಸ್ತೇಯದ ಪುಟದಲ್ಲಿ ಬೇರೆ ಹೆಸರಿದೆ. ವಸೂಲಿಯವರ ವಿಷಯದಲ್ಲೂ ಮನೆಯವರಿಗೆ ಒಂದು ಮಾತು ತಿಳಿದಿರಲಿ: ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಅವರು ಕರೆ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ತಡವಾದ ಕಂತಿಗೆ ಹಾಕುವ ದಂಡಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದೆಂದು 2023ರ ಆಗಸ್ಟಿನಲ್ಲಿ ಹೇಳಿದೆ. ಸುಪೆಯ ರೈತ ಈ ಮಾತನ್ನು ಕೇಳಿದ್ದರೆ ನಗುತ್ತಿದ್ದನೋ ಅಳುತ್ತಿದ್ದನೋ.

ಇನ್ನು ಬಸದಿಯ ಅಂಗಳ. ಪಂಚಕಲ್ಯಾಣದಲ್ಲಿ ಸವಾಲು ಕೂಗುವಾಗ, ಕಳೆದ ವರ್ಷ ಕೂಗಿದವನ ಕಡೆಗೆ ಎಲ್ಲರೂ ತಿರುಗಿ ನೋಡುತ್ತಾರೆ. ಕಂತಿನ ಒಪ್ಪಂದದಲ್ಲಿರುವ ಶ್ರಾವಕನಿಗೆ ಆ ನೋಟಕ್ಕಿಂತ ಕಠಿಣವಾದ ವಸೂಲಿಯಿಲ್ಲ. ತೋರಿಕೆಗೆ ಕೂಗಿ, ಭಿಶಿಯಿಂದ ಎತ್ತಿ ಕಟ್ಟಿದವರೂ ಉಂಟು. ದಾನವೆಂಬುದು ತನ್ನದನ್ನು ಕೊಡುವುದು. ಆ ತಿಂಗಳು ಅವನ ಕೈಯಲ್ಲಿರುವ ಹಣ ಅವನದಲ್ಲ. ಸವಾಲನ್ನೇ ನಿಲ್ಲಿಸುವ ಧೈರ್ಯ ಸಮಿತಿಗಳಿಗೆ ಇಲ್ಲದಿದ್ದರೂ, ಹೆಸರು ಕೂಗದೆ ಹುಂಡಿಗೆ ಹಾಕಿದ ಹತ್ತು ರೂಪಾಯಿಗೂ ಅದೇ ಪೂಜೆ, ಅದೇ ಗಂಧೋದಕ ಎಂದು ಮೈಕಿನಲ್ಲಿ ಒಮ್ಮೆ ಹೇಳಲಿ. ಭಾವಮೈದುನನ ಸಾಲಕ್ಕೆ ಜಾಮೀನು ಹಾಕಲು ಕೇಳಿಬರುವವರಿಗೂ ಈ ಅವಧಿಯಲ್ಲಿ ಇಲ್ಲವೆನ್ನಬೇಕು. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂಬುದು 1872ರ ಕರಾರು ಕಾಯಿದೆಯಿಂದ ನಡೆದುಬಂದ ನಿಯಮ.

ಸರಕಾರದ ಪಾಲನ್ನೂ ಹೇಳದೆ ಬಿಡಲಾಗದು. 2016ರ ದಿವಾಳಿತನ ಸಂಹಿತೆಯ ಮೂರನೆಯ ಭಾಗದಲ್ಲಿ ವ್ಯಕ್ತಿಗಳಿಗಾಗಿಯೇ ಮರುಪಾವತಿ ಯೋಜನೆಯ ಕ್ರಮವಿದೆ: ಅರ್ಜಿ ಹಾಕುತ್ತಲೇ ವಸೂಲಿಗೆ ತಡೆ, ಒಬ್ಬ ವೃತ್ತಿಪರನ ನೆರವಿನಿಂದ ಯೋಜನೆಯ ಕರಡು, ಮೌಲ್ಯದ ಲೆಕ್ಕದಲ್ಲಿ ಮುಕ್ಕಾಲು ಪಾಲು ಸಾಲದಾತರು ಒಪ್ಪಿದರೆ ಎಲ್ಲರಿಗೂ ಅದು ಬಂಧನಕಾರಿ. ವರ್ಷದ ಆದಾಯ 60,000 ಮೀರದ, ಸಾಲ 35,000 ಮೀರದ ಕಡುಬಡವರಿಗೆ ಹೊಸ ಆರಂಭದ ವ್ಯವಸ್ಥೆಯೂ ಅದರಲ್ಲಿದೆ. ಇದರಲ್ಲಿ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಸಂಬಂಧಿಸಿದ ಭಾಗ ಮಾತ್ರ. ಕಂಪನಿಯ ಮಾಲೀಕನಿಗೆ ಬಾಗಿಲು ತೆರೆದಿದೆ. ಭೋಸರಿಯ ನೌಕರನಿಗೆ ಅದೇ ಕಟ್ಟಡದ ಬಾಗಿಲಿಗೆ ಇನ್ನೂ ಬೀಗ. ಪುಣೆಯಂಥ ಊರಿನಲ್ಲಿ ಅವನಿಗಿರುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ, ಸಾಲ 500 ರೂಪಾಯಿ ದಾಟಿದರೆ ಅರ್ಜಿ ಹಾಕಬಹುದೆನ್ನುವ ಕಾಲದ್ದು. ಚುನಾವಣೆಗೆ ಮತ ಕೇಳಲು ಬಂದವರಿಗೆ ಸಮುದಾಯ ಭವನದ ಬೇಡಿಕೆ ಸಲ್ಲಿಸುವ ಸಮಿತಿಗಳು, ಮೂರನೆಯ ಭಾಗ ಎಲ್ಲರಿಗೂ ಜಾರಿಯಾಗುವುದು ಎಂದು ಎಂಬ ಪ್ರಶ್ನೆಯನ್ನೂ ಮನವಿಯಲ್ಲಿ ಬರೆಯಬಹುದು.

ಕೊನೆಯದಾಗಿ ಕಾಗದಪತ್ರದ ಮಾತು. ಕೊನೆಯ ಕಂತು ಕಟ್ಟಿದ ಸಂತೋಷದಲ್ಲಿ ಜನ ಫೈಲನ್ನು ಎಸೆಯುತ್ತಾರೆ. ಹಾಗೆ ಮಾಡಬಾರದು. ಬಾಕಿಯಿಲ್ಲವೆಂಬ ಪತ್ರವನ್ನು ಬರವಣಿಗೆಯಲ್ಲಿ ಪಡೆಯಬೇಕು. ರಿಯಾಯಿತಿ ಪಡೆದು ಮುಗಿಸಿದ ಸಾಲವು ಸಿಬಿಲ್ ವರದಿಯಲ್ಲಿ ‘ಮುಕ್ತಾಯ’ ಎಂದಲ್ಲದೆ ‘ರಾಜಿ’ ಎಂದು ದಾಖಲಾಗಬಹುದು. ಮುಂದೆ ಮಗಳ ಓದಿಗೆ ಸಾಲ ಕೇಳುವಾಗ ಅದು ಎದುರಾಗುತ್ತದೆ. ಹೇಗೆ ದಾಖಲಾಗುವುದೆಂದು ಸಹಿಗೆ ಮುಂಚೆಯೇ ಕೇಳಿ ಬರೆಸಿಕೊಳ್ಳಬೇಕು. ಮನೆಯ ಪತ್ರ ಅಡವಿದ್ದರೆ, ಸಾಲ ತೀರಿದ 30 ದಿನದೊಳಗೆ ಹಿಂದಿರುಗಿಸಬೇಕೆಂದೂ ತಮ್ಮಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದೂ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಆದೇಶವಿದೆ. 2023ರ ಡಿಸೆಂಬರ್‌ನಿಂದ ಅದು ನಡೆಯುತ್ತಿದೆ. ಪತ್ರ ಕೈಗೆ ಬರುವವರೆಗೆ ಕಂತಿನ ರಸೀದಿಗಳೆಲ್ಲ ಮನೆಯ ಕಪಾಟಿನಲ್ಲಿ, ಮಡದಿಗೂ ಗೊತ್ತಿರುವ ಜಾಗದಲ್ಲಿ ಇರಲಿ.